ಮಗು ಆರ್‌ಒಟಿಸಿ ಸೇರಿದಾಗ: ಯೂನಿಫಾರ್ಮ್‌ನಿಂದ ಕಾಂಟ್ರ್ಯಾಕ್ಟ್‌ವರೆಗೆ, ಅಮೆರಿಕದ ಕನ್ನಡ ಅಪ್ಪ-ಅಮ್ಮಂದಿರಿಗೆ ಸಮಗ್ರ ಮಾರ್ಗದರ್ಶಿ

ಆರ್‌ಒಟಿಸಿ ಅಂದರೆ ಕಾಲೇಜಿನಲ್ಲಿ ಓದುತ್ತಲೇ ಅಮೆರಿಕದ ಸೇನೆಯ ಆಫೀಸರ್ ಆಗಲು ಕೊಡುವ ತರಬೇತಿ. ಅದಕ್ಕೆ ಸೇರಿದ ಮಕ್ಕಳು ಕಾಲೇಜು ಶುರುವಾಗಿ ಕೆಲವೇ ವಾರಕ್ಕೆ ಪೂರ್ತಿ ಸೈನ್ಯದ ಬಟ್ಟೆ ಹಾಕಿಕೊಂಡು ಫೋಟೋ ಕಳಿಸುತ್ತಾರೆ. ಎದೆಯ ಒಂದು ಕಡೆ 'ಯು.ಎಸ್. ಆರ್ಮಿ' ಪಟ್ಟಿ, ಇನ್ನೊಂದು ಕಡೆ ನಿಮ್ಮ ಮನೆ ಹೆಸರು. ಫ್ಯಾಮಿಲಿ ಗ್ರೂಪಿನಲ್ಲಿ ಗದ್ದಲವೋ ಗದ್ದಲ. ಅರ್ಧ ಜನ ಅಭಿನಂದನೆ ಹೇಳುತ್ತಾರೆ, ಇನ್ನರ್ಧ ಜನ "ಸೈನ್ಯಕ್ಕೆ ಕೊಟ್ಟುಬಿಟ್ರಾ?" ಅಂತ ಗಾಬರಿ ಆಗುತ್ತಾರೆ. ಆ ಫೋಟೋ ನೋಡಿ ಏನೂ ಹೇಳಲು ಆಗುವುದಿಲ್ಲ. ಯೂನಿಫಾರ್ಮ್ ಯಾರಿಗೆ ಬೇಕಾದರೂ ಮೊದಲ ತಿಂಗಳಲ್ಲೇ ಸಿಗುತ್ತದೆ. ಮಗು ಸರ್ಕಾರಕ್ಕೆ ಕಟ್ಟುಬೀಳುವುದು ಕಾಂಟ್ರ್ಯಾಕ್ಟ್‌ನಿಂದ, ಅದರಲ್ಲೂ ಅದರ ತಾರೀಖಿನಿಂದ. ಈ ಎರಡನ್ನೂ ಬೇರೆ ಬೇರೆ ಇಟ್ಟು ನೋಡಿದರೆ ಅರ್ಧ ಗೊಂದಲ ಕರಗುತ್ತದೆ.

ನಮ್ಮಲ್ಲಿ ತುಂಬ ಜನ ಊರಿನ ಕಾಲೇಜಿನಲ್ಲಿ ಎನ್‌ಸಿಸಿ ಮಾಡಿದವರು. ಖಾಕಿ, ಪರೇಡು, ಪರೇಡು ಮುಗಿದ ಮೇಲೆ ತಿಂಡಿ, ಕೊನೆಗೆ 'ಸಿ' ಸರ್ಟಿಫಿಕೇಟು. ಎನ್‌ಸಿಸಿ ಕೆಡೆಟ್‌ಗೆ ಸೈನ್ಯದಲ್ಲಿ ಕೆಲಸ ಮಾಡಲೇಬೇಕು ಅನ್ನುವ ಕಟ್ಟುಪಾಡು ಇಲ್ಲ. ಅದೇ ಅಳತೆಯಲ್ಲಿ ಆರ್‌ಒಟಿಸಿಯನ್ನು ನೋಡಬೇಡಿ. 1916ರ ಕಾನೂನಿನಿಂದ ಹುಟ್ಟಿದ ಈ ವ್ಯವಸ್ಥೆ ಇರುವುದೇ ಅಮೆರಿಕದ ಸೇನೆಗೆ ಆಫೀಸರ್‌ಗಳನ್ನು ತಯಾರು ಮಾಡಲು. ಡಿಗ್ರಿ ಕೈಗೆ ಬರುವ ಹೊತ್ತಿಗೆ ಹೆಗಲಿಗೆ ಸೆಕೆಂಡ್ ಲೆಫ್ಟಿನೆಂಟ್ ಪಟ್ಟಿಯೂ ಬರುತ್ತದೆ. ನೌಕಾಪಡೆಯಲ್ಲಾದರೆ ಎನ್‌ಸೈನ್.

ಹಂತ 1: ಮಗು ಎಲ್ಲಿ ಸೇರಿದೆ ಅಂತ ಸರಿಯಾಗಿ ತಿಳಿದುಕೊಳ್ಳಿ

ಆರ್‌ಒಟಿಸಿ ಮೂರು ಬಗೆ. ಆರ್ಮಿಯದ್ದು ಒಂದು. ನೇವಿಯದ್ದು ಇನ್ನೊಂದು, ಮರೀನ್ ಆಗುವವರೂ ಇದರಲ್ಲೇ ಬರುತ್ತಾರೆ. ಏರ್ ಫೋರ್ಸ್‌ನದ್ದು ಮೂರನೆಯದು, ಸ್ಪೇಸ್ ಫೋರ್ಸ್‌ಗೂ ಇದೇ ದಾರಿ. ನಿಯಮಗಳು ಹತ್ತಿರ ಹತ್ತಿರ ಇದ್ದರೂ ಒಂದೇ ಅಲ್ಲ. ಪಕ್ಕದ ಮನೆಯವರ ಮಗ ನೇವಿಯಲ್ಲಿದ್ದರೆ ಅವರ ಮಾತು ನಿಮ್ಮ ಆರ್ಮಿ ಮಗಳಿಗೆ ಪೂರ್ತಿ ಹೊಂದುವುದಿಲ್ಲ. ಈ ಬರಹದಲ್ಲಿ ಆರ್ಮಿಯನ್ನೇ ಮುಂದಿಟ್ಟಿದ್ದೇನೆ. ಬೇರೆಯವು ಬೇರೆಯಾಗುವ ಕಡೆ ಹೇಳುತ್ತೇನೆ.

ಇದರ ಜೊತೆಗೆ ಇನ್ನೊಂದು ಗೊಂದಲ ಇದೆ. ಟೆಕ್ಸಸ್ ಎ ಅಂಡ್ ಎಂ, ವರ್ಜೀನಿಯಾ ಟೆಕ್, ಸಿಟಾಡೆಲ್, ನಾರ್ವಿಚ್, ವಿಎಂಐ, ಯೂನಿವರ್ಸಿಟಿ ಆಫ್ ನಾರ್ತ್ ಜಾರ್ಜಿಯಾ, ಇವು ಹಿರಿಯ ಮಿಲಿಟರಿ ಕಾಲೇಜುಗಳು. ಇಲ್ಲಿ ಆರ್‌ಒಟಿಸಿಯ ಜೊತೆಗೆ 'ಕೋರ್ ಆಫ್ ಕೆಡೆಟ್ಸ್' ಅನ್ನುವ ಕಾಲೇಜಿನದೇ ಶಿಸ್ತಿನ ಪಡೆ ಇರುತ್ತದೆ. ಡಲ್ಲಾಸ್, ಹ್ಯೂಸ್ಟನ್ ಕಡೆಯ ನಮ್ಮವರಿಗೆ ಎ ಅಂಡ್ ಎಂ ಹತ್ತಿರದ್ದು, ಹಾಗಾಗಿ ಅದನ್ನೇ ತೆಗೆದುಕೊಳ್ಳೋಣ. ಅಲ್ಲಿ ಕೋರ್ ಸೇರಿದ ಮಗು ದಿನಾ ಯೂನಿಫಾರ್ಮ್ ಹಾಕುತ್ತದೆ, ಮೊದಲ ಎರಡು ವರ್ಷ ಆರ್‌ಒಟಿಸಿ ಕ್ಲಾಸೂ ಮಾಡುತ್ತದೆ. ಮೂರನೇ ವರ್ಷಕ್ಕೆ ದಾರಿ ಕವಲೊಡೆಯುತ್ತದೆ. ಸೇನೆಗೆ ಹೋಗುವವರು ಕಾಂಟ್ರ್ಯಾಕ್ಟ್ ಮಾಡುತ್ತಾರೆ. ಉಳಿದವರು 'ಡಿ ಅಂಡ್ ಸಿ' ಆಗಿ, ಅಂದರೆ ಡ್ರಿಲ್ಲು ಮತ್ತು ಸಮಾರಂಭಗಳಿಗಷ್ಟೇ ಸೇರಿದವರಾಗಿ, ಕೋರ್‌ನಲ್ಲೇ ಮುಂದುವರಿದು ಡಿಗ್ರಿ ಮುಗಿಸಿ ಮಾಮೂಲಿ ಕೆಲಸಕ್ಕೆ ಹೋಗುತ್ತಾರೆ. ವರ್ಜೀನಿಯಾ ಟೆಕ್‌ನಲ್ಲೂ ಸೇನೆಗೆ ಹೋಗದವರಿಗೆ ಬೇರೆ ಟ್ರ್ಯಾಕ್ ಇದೆ. ಸಾಲಾಗಿ ನಿಂತ ನಾಲ್ವರು ಒಂದೇ ತರಹ ಕಾಣುತ್ತಾರೆ, ಅವರಲ್ಲಿ ಇಬ್ಬರಿಗೆ ಸೇನೆಯ ಋಣವೇ, ಅಂದರೆ ಸೇನೆಯಲ್ಲಿ ಕೆಲಸ ಮಾಡಲೇಬೇಕಾದ ಹೊಣೆಯೇ, ಇಲ್ಲದಿರಬಹುದು.

ಹಂತ 2: ಪೌರತ್ವ ಮತ್ತು ಒಸಿಐ, ಬೇರೆಲ್ಲಕ್ಕಿಂತ ಮೊದಲು

ಕಾಂಟ್ರ್ಯಾಕ್ಟ್‌ಗೆ ಸಹಿ ಹಾಕಲು ಮಗು ಅಮೆರಿಕದ ಪ್ರಜೆ ಆಗಿರಬೇಕು. ಅಪ್ಪ-ಅಮ್ಮ ಆಗಿರಬೇಕಿಲ್ಲ. ನೀವಿಬ್ಬರೂ ಇನ್ನೂ ಎಚ್-1ಬಿಯಲ್ಲಿ ಗ್ರೀನ್ ಕಾರ್ಡ್ ಕ್ಯೂನಲ್ಲಿ ಕೂತಿದ್ದರೂ, ಇಲ್ಲೇ ಹುಟ್ಟಿದ ಮಗುವಿಗೆ ಅಡ್ಡಿ ಇಲ್ಲ. ಆದರೆ ಚಿಕ್ಕಂದಿನಲ್ಲಿ ಎಚ್-4ರಲ್ಲಿ ಬಂದ ಮಗುವಿಗೆ ಈ ಬಾಗಿಲು ಸದ್ಯಕ್ಕೆ ಮುಚ್ಚಿದೆ. ಮಿಲಿಟರಿ ಸೈನ್ಸ್ ಕ್ಲಾಸಿನಲ್ಲಿ ಕೂರಲು ಬಿಡಬಹುದು, ಕಾಂಟ್ರ್ಯಾಕ್ಟ್ ಆಗುವುದಿಲ್ಲ. ಗ್ರೀನ್ ಕಾರ್ಡ್ ಇದ್ದರೂ ಪೌರತ್ವ ಬರುವವರೆಗೆ ಕಾಯಬೇಕು.

ಇನ್ನು ಒಸಿಐ, ಅಂದರೆ ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ವೀಸಾ ಇಲ್ಲದೆ ಬಂದುಹೋಗಲು ಭಾರತ ಕೊಡುವ ಕಾರ್ಡು. ಇದನ್ನು ಇಲ್ಲಿನ ಸೇನೆಯ ಕಚೇರಿಯವರು ಹೇಳುವುದಿಲ್ಲ, ಅವರಿಗೆ ಅದು ಬೇಕಾಗಿಯೂ ಇಲ್ಲ. ಭಾರತ ಸರ್ಕಾರದ ನಿಯಮದ ಪ್ರಕಾರ ವಿದೇಶಿ ಸೇನೆಯಲ್ಲಿ ಇರುವವರಿಗೆ, ನಿವೃತ್ತರಾದವರಿಗೆ ಕೂಡ, ಒಸಿಐ ಕೊಡುವುದಿಲ್ಲ. ಮಗುವಿನ ಹತ್ತಿರ ಈಗಾಗಲೇ ಒಸಿಐ ಕಾರ್ಡು ಇದ್ದರೆ, ಸಹಿಗೆ ಮೊದಲೇ ನಿಮ್ಮ ಭಾಗದ ಭಾರತೀಯ ಕಾನ್ಸುಲೇಟ್‌ಗೆ ಬರೆದು ಕೇಳಿ, ಉತ್ತರವನ್ನು ಬರವಣಿಗೆಯಲ್ಲೇ ಪಡೆಯಿರಿ. ಮುಂದೆ ಅಜ್ಜನ ಮನೆಗೆ ಹೋಗಲು ಪ್ರತಿ ಸಲ ವೀಸಾ ಹಾಕಬೇಕಾಗಬಹುದು, ಊರಿನ ಆಸ್ತಿಯ ವಿಷಯವೂ ಇದಕ್ಕೆ ತಗುಲಿಕೊಳ್ಳುತ್ತದೆ. ಇದರ ಮೇಲೆ ಸೇರಬೇಡ ಅನ್ನಬೇಕು ಅಂತಲ್ಲ. ಆದರೆ ಹದಿನೆಂಟರ ಮಗುವಿಗೆ ಇದು ಹೊಳೆಯುವುದೇ ಇಲ್ಲ, ಹೇಳಬೇಕಾದವರು ನಾವೇ ಅಲ್ವಾ.

ಹಂತ 3: ಹೆಸರು ಮತ್ತು ದಾಖಲೆಗಳ ಫೈಲು

ನಮ್ಮ ಹೆಸರುಗಳು ಅಮೆರಿಕದ ಫಾರ್ಮಿಗೆ ಹೇಳಿ ಮಾಡಿಸಿದವಲ್ಲ. ಎಷ್ಟೋ ಮನೆಗಳಲ್ಲಿ ಸರ್‌ನೇಮೇ ಇಲ್ಲ, ಇನಿಷಿಯಲ್ ಇದೆ. ಕೊನೆಯ ಹೆಸರಿನ ಜಾಗದಲ್ಲಿ ಅಪ್ಪನ ಹೆಸರೋ ಊರಿನ ಹೆಸರೋ ಬಂದಿರುತ್ತದೆ. ಜನನ ಪ್ರಮಾಣಪತ್ರ, ಸೋಷಿಯಲ್ ಸೆಕ್ಯುರಿಟಿ ಕಾರ್ಡು, ಪಾಸ್‌ಪೋರ್ಟು, ಕಾಲೇಜಿನ ದಾಖಲೆ, ಈ ನಾಲ್ಕರಲ್ಲೂ ಒಂದೇ ಸ್ಪೆಲಿಂಗ್ ಇದೆಯಾ ನೋಡಿ. ಒಂದರಲ್ಲಿ ಅಕ್ಷರ ಹೆಚ್ಚುಕಮ್ಮಿ ಆದರೂ ಕಡತ ಅಲ್ಲೇ ನಿಲ್ಲುತ್ತದೆ. ತಿದ್ದುಪಡಿ ಹೈಸ್ಕೂಲಿನ ಕೊನೇ ವರ್ಷದಲ್ಲೇ ಮಾಡಿಸಿಬಿಡಿ. ಹಾಗೆಯೇ, ಕಾನೂನಿನ ಪ್ರಕಾರ ಇರುವ ಆ ಕೊನೆಯ ಹೆಸರೇ ಎದೆಯ ಪಟ್ಟಿಯ ಮೇಲೆ ಬರುವುದು. ಮನೆಯಲ್ಲಿ 'ಚಿನ್ನು' ಆಗಿದ್ದವನನ್ನು ಇನ್ನು ನಾಲ್ಕು ವರ್ಷ ಎಲ್ಲರೂ 'ವೆಂಕಟಸುಬ್ಬಯ್ಯ' ಅಂತಲೇ ಕರೆಯಬೇಕು. ಕರೆಯುವವರ ಕಷ್ಟ ಅವರಿಗೆ.

ಫೈಲಿನಲ್ಲಿ ಅಸಲು ದಾಖಲೆಗಳೇ ಇರಲಿ: ಜನನ ಪ್ರಮಾಣಪತ್ರ ಅಥವಾ ಪೌರತ್ವ ಪ್ರಮಾಣಪತ್ರ, ಸೋಷಿಯಲ್ ಸೆಕ್ಯುರಿಟಿ ಕಾರ್ಡು, ಹೈಸ್ಕೂಲ್ ಟ್ರಾನ್ಸ್‌ಕ್ರಿಪ್ಟು, ಲಸಿಕೆ ದಾಖಲೆ, ಬ್ಯಾಂಕ್ ಖಾತೆಯ ವಿವರ. ಸಂಬಳ, ಭತ್ಯೆ ನೇರ ಖಾತೆಗೇ ಬರುವುದರಿಂದ ಮಗುವಿನ ಹೆಸರಿನ ಖಾತೆ ಬೇಕು.

ಹಂತ 4: ಮೆಡಿಕಲ್

ಆರೋಗ್ಯ ತಪಾಸಣೆ ನಡೆಸುವುದು ಡಾಡ್‌ಮರ್ಬ್ ಅನ್ನುವ ರಕ್ಷಣಾ ಇಲಾಖೆಯ ಮಂಡಳಿ. ಕಾಂಟ್ರ್ಯಾಕ್ಟ್ ತಡವಾಗಲು ನಾನು ಕಂಡಂತೆ ದೊಡ್ಡ ಕಾರಣ ಇದೇ. ಹದಿಮೂರು ತುಂಬಿದ ಮೇಲೆ ಉಬ್ಬಸ ಇದ್ದ ದಾಖಲೆ, ಎಡಿಎಚ್‌ಡಿ ಮಾತ್ರೆ, ಕಡಲೆಕಾಯಿಯಂಥ ಗಂಭೀರ ಅಲರ್ಜಿ, ಹಳೆಯ ಸರ್ಜರಿ, ಇವಕ್ಕೆಲ್ಲ ಪ್ರಶ್ನೆ ಬರುತ್ತದೆ. ಪ್ರಶ್ನೆ ಬಂದರೆ ಕೆಲಸ ಕೆಟ್ಟಿತು ಅಂತಲ್ಲ. ವೇವರ್ ಅನ್ನುವ ವಿನಾಯಿತಿ ಕೇಳಬಹುದು, ತಿಂಗಳುಗಟ್ಟಲೆ ಹಿಡಿಯಬಹುದು.

ನೆಗಡಿ ಜೋರಾದಾಗೆಲ್ಲ ಡಾಕ್ಟರು ಇನ್‌ಹೇಲರ್ ಬರೆದುಕೊಟ್ಟಿರುತ್ತಾರೆ, ನಾವು ಮರೆತಿರುತ್ತೇವೆ. ಮಕ್ಕಳ ಡಾಕ್ಟರ್ ಹತ್ತಿರ ಪೂರ್ತಿ ದಾಖಲೆ ತರಿಸಿಕೊಂಡು ಓದಿ, ಆಮೇಲೆ ಫಾರ್ಮ್ ತುಂಬಲಿ. "ಸುಮ್ನೆ ಇಲ್ಲ ಅಂತ ಬರಿ" ಅನ್ನುವ ಸಲಹೆ ಯಾರೇ ಕೊಟ್ಟರೂ ಕೇಳಬೇಡಿ. ಇಲ್ಲಿ ಸುಳ್ಳು ಬರೆಯುವುದು ಉಬ್ಬಸಕ್ಕಿಂತ ದೊಡ್ಡ ಸಮಸ್ಯೆ.

ಹಂತ 5: ಯೂನಿಫಾರ್ಮ್

ಆರ್‌ಒಟಿಸಿ ಯೂನಿಫಾರ್ಮ್‌ಗೆ ನೀವು ದುಡ್ಡು ಕೊಡಬೇಕಿಲ್ಲ. ಕಾಲೇಜಿನ ಘಟಕದ ಸಪ್ಲೈ ರೂಮಿನಲ್ಲೇ ಕೊಡುತ್ತಾರೆ. ಸಾಮಾನ್ಯವಾಗಿ ಮೊದಲು ಬರುವುದು ಕಪ್ಪು-ಚಿನ್ನದ ಬಣ್ಣದ ಪಿಟಿ ಬಟ್ಟೆ. ಆಮೇಲೆ ಒಸಿಪಿ, ಅಂದರೆ ಹಸಿರು-ಕಂದು ಮಚ್ಚೆಯ ಕ್ಯಾಮೊಫ್ಲಾಜ್ ಬಟ್ಟೆ, ಅದರೊಳಗೆ ಕಂದು ಟೀ ಶರ್ಟು, ಕಂದು ಬೂಟು, ಬೆನ್ನಿಗೆ ರಕ್‌ಸ್ಯಾಕ್. ಸಮಾರಂಭಕ್ಕೆ ಹಾಕುವ ಡ್ರೆಸ್ ಯೂನಿಫಾರ್ಮ್ ತಡವಾಗಿ ಬರುತ್ತದೆ, ಎಷ್ಟೋ ಘಟಕಗಳು ಕಾಂಟ್ರ್ಯಾಕ್ಟ್ ಆದವರಿಗೇ ಮೊದಲು ಕೊಡುತ್ತವೆ.

ಕೊಡುವಾಗ ಒಂದು ಪಟ್ಟಿಗೆ ಸಹಿ ಹಾಕಿಸಿಕೊಳ್ಳುತ್ತಾರೆ. ಈ ಹಾಳೆ ಚಿಕ್ಕದು, ತಲೆನೋವು ದೊಡ್ಡದು. ಅದರಲ್ಲಿ ಇರುವ ಪ್ರತಿ ವಸ್ತುವೂ ಸರ್ಕಾರದ್ದು. ಮಗು ಬಿಟ್ಟುಬಂದರೆ ವಾಪಸ್ ಕೊಡಬೇಕು, ಕಳೆದರೆ ಬೆಲೆ ಕಟ್ಟಬೇಕು. ಸಹಿ ಮಾಡುವ ಮೊದಲು ಒಂದೊಂದನ್ನೂ ಎಣಿಸಿ, ಸೈಜು ನೋಡಿ, ಹಾಳೆಯ ಫೋಟೋ ತೆಗೆದು ನಿಮಗೊಂದು ಕಳಿಸಲು ಹೇಳಿ. ಹಾಸ್ಟೆಲ್ ರೂಮಿನಲ್ಲಿ ಕಾಣೆಯಾಗುವುದು ಬೂಟಲ್ಲ, ನೀರಿನ ಕ್ಯಾಂಟೀನು, ಚೀಲದ ಪಟ್ಟಿ, ಕೈಗವಸು, ಇಂಥ ಸಣ್ಣಪುಟ್ಟವು.

ಬೂಟಿನ ವಿಷಯದಲ್ಲಿ ಜಿಪುಣತನ ಬೇಡ. ಸಪ್ಲೈನಲ್ಲಿ ಕೊಟ್ಟ ಬೂಟು ಕಚ್ಚುತ್ತಿದ್ದರೆ, ಘಟಕದವರನ್ನು ಕೇಳಿ ನಿಯಮಕ್ಕೆ ಹೊಂದುವ ಬೇರೆ ಜೋಡಿ ಕೊಂಡುಕೊಡಿ. ಬೆನ್ನ ಮೇಲೆ ಭಾರ ಹೊತ್ತು ಮೈಲಿಗಟ್ಟಲೆ ನಡೆಯುವಾಗ ಬೊಬ್ಬೆ ಎದ್ದ ಕಾಲು ಯಾರಿಗೂ ಬೇಡ. ಉಣ್ಣೆಯ ಕಾಲುಚೀಲ ನಾಲ್ಕು ಜೊತೆ ಜಾಸ್ತಿ ಇರಲಿ.

ಈಗ ಇಸ್ತ್ರಿಯ ಮಾತು. ಎನ್‌ಸಿಸಿ ಖಾಕಿಗೆ ಗಂಜಿ ಹಾಕಿ, ಮಡಿಕೆ ಕತ್ತಿಯಂತೆ ನಿಲ್ಲಿಸಿ ಬೆಳೆದ ತಲೆಮಾರು ನಮ್ಮದು. ರಜೆಗೆ ಮಗ ಬಂದ ಕೂಡಲೇ ಅವನ ಬಟ್ಟೆಗೂ ಅದೇ ಉಪಚಾರ ಮಾಡಲು ಕೈ ತುರಿಸುತ್ತದೆ. ಮಾಡಬೇಡಿ. ಒಸಿಪಿಗೆ ಗಂಜಿ ಹಾಕುವುದನ್ನು ಆರ್ಮಿಯ ನಿಯಮವೇ ನಿಷೇಧಿಸುತ್ತದೆ. ಬ್ಲೀಚ್ ಬೇಡ, ಬಿಳುಪು ಹೊಳಪು ಕೊಡುವ ಡಿಟರ್ಜೆಂಟೂ ಬೇಡ. ತಣ್ಣೀರಿನಲ್ಲಿ ಒಗೆದು, ಕಡಿಮೆ ಬಿಸಿಯಲ್ಲಿ ಒಣಗಿಸಿದರೆ ಸಾಕು. ಪಟ್ಟಿಗಳು ವೆಲ್ಕ್ರೋ ಆಗಿದ್ದರೆ ಒಗೆಯುವ ಮೊದಲು ಕಿತ್ತಿಡಿ.

ನಮ್ಮ ಮನೆಗಳ ಇನ್ನೆರಡು ಪ್ರಶ್ನೆ. ಜನಿವಾರ ಹಾಕಿಕೊಂಡಿರಬಹುದಾ? ಬಟ್ಟೆಯೊಳಗೆ, ಹೊರಗೆ ಕಾಣದ ಹಾಗೆ ಇದ್ದರೆ ತೊಂದರೆ ಇಲ್ಲ. ಹಣೆಗೆ ಕುಂಕುಮ? ಯೂನಿಫಾರ್ಮ್‌ನಲ್ಲಿ ಕಾಣುವಂಥ ಧಾರ್ಮಿಕ ಗುರುತಿಗೆ ಮೊದಲೇ ಅರ್ಜಿ ಹಾಕಿ ಅನುಮತಿ ಪಡೆಯಬೇಕು. 2022ರಲ್ಲಿ ಏರ್ ಫೋರ್ಸ್ ಒಬ್ಬ ಹಿಂದೂ ಸಿಬ್ಬಂದಿಗೆ ತಿಲಕ ಇಡಲು ಅನುಮತಿ ಕೊಟ್ಟಿದೆ, ಅಂದರೆ ದಾರಿ ಇದೆ. ಮೂಗುಬೊಟ್ಟು ಮಾತ್ರ ಯೂನಿಫಾರ್ಮ್‌ನಲ್ಲಿ ತೆಗೆದಿಡಬೇಕು.

ಕೋರ್ ಆಫ್ ಕೆಡೆಟ್ಸ್ ಇರುವ ಕಾಲೇಜಿನಲ್ಲಿ ಬೀರು ಎರಡು ಬೇಕು. ಕೋರ್‌ನ ಬಟ್ಟೆ ಬೇರೆ, ಆರ್‌ಒಟಿಸಿಯ ಬಟ್ಟೆ ಬೇರೆ. ಕೋರ್‌ನಲ್ಲಿ ಯಾವುದನ್ನು ಅವರು ಕೊಡುತ್ತಾರೆ, ಯಾವುದನ್ನು ನೀವು ಕೊಳ್ಳಬೇಕು ಅಂತ ಮೊದಲ ವರ್ಷವೇ ಪಟ್ಟಿ ಕೇಳಿ. ಎ ಅಂಡ್ ಎಂನಲ್ಲಿ ಕೊನೇ ವರ್ಷದವರು ಹಾಕುವ ಮೊಣಕಾಲುದ್ದದ ಚರ್ಮದ 'ಸೀನಿಯರ್ ಬೂಟ್ಸ್' ಇದೆಯಲ್ಲ, ಅದು ಅಳತೆ ಕೊಟ್ಟು ಹೊಲಿಸುವಂಥದ್ದು. ಖರ್ಚೂ ದೊಡ್ಡದು, ಬಹಳ ಮುಂಚೆ ಆರ್ಡರ್ ಕೊಡಬೇಕು. ಅಜ್ಜ-ಅಜ್ಜಿ "ಏನು ಉಡುಗೊರೆ ಕೊಡಲಿ" ಅಂದರೆ ಇದನ್ನೇ ಹೇಳಿ.

ಹಂತ 6: ಕಾಂಟ್ರ್ಯಾಕ್ಟ್ ಆಗಿದೆಯಾ, ಇಲ್ವಾ?

ಮಗುವನ್ನು "ಆರ್‌ಒಟಿಸಿ ಹೇಗಿದೆ?" ಅಂತ ಕೇಳಬೇಡಿ. "ಕಾಂಟ್ರ್ಯಾಕ್ಟ್ ಆಯ್ತಾ? ಯಾವ ತಾರೀಖು?" ಅಂತ ಕೇಳಿ.

ಆರ್ಮಿಯಲ್ಲಿ ಮೊದಲ ಎರಡು ವರ್ಷ ಬೇಸಿಕ್ ಕೋರ್ಸ್, ಕೊನೆಯ ಎರಡು ವರ್ಷ ಅಡ್ವಾನ್ಸ್ಡ್ ಕೋರ್ಸ್. ಸ್ಕಾಲರ್‌ಶಿಪ್ ಇಲ್ಲದ ಮಗು ಬೇಸಿಕ್ ಕೋರ್ಸ್ ಪೂರ್ತಿ ಮಾಡಿ, ಇಷ್ಟವಾಗದಿದ್ದರೆ ಬಟ್ಟೆ ವಾಪಸ್ ಕೊಟ್ಟು ಮನೆಗೆ ಬರಬಹುದು. ಯಾರೂ ಏನೂ ಕೇಳುವುದಿಲ್ಲ. ಮೂರನೇ ವರ್ಷಕ್ಕೆ ಕಾಲಿಡಲು ಕಾಂಟ್ರ್ಯಾಕ್ಟ್ ಬೇಕು.

ನಾಲ್ಕು ವರ್ಷದ ಸ್ಕಾಲರ್‌ಶಿಪ್ ಸಿಕ್ಕಿದ್ದರೆ ಮೊದಲ ವರ್ಷವೇ ಸಹಿ ಆಗುತ್ತದೆ. ಆದರೂ ಎರಡನೇ ವರ್ಷ ಶುರುವಾಗುವ ಮೊದಲು ಬಿಟ್ಟರೆ ಋಣ ಇಲ್ಲ. ನೇವಿ, ಏರ್ ಫೋರ್ಸ್ ಸ್ಕಾಲರ್‌ಶಿಪ್‌ಗಳಲ್ಲೂ ಇದೇ ಗೆರೆ. ಹಾಗಾಗಿ ಮೊದಲ ವರ್ಷದ ಬೇಸಿಗೆ ರಜೆ ಇದೆಯಲ್ಲ, ಮನೆಯಲ್ಲಿ ಕೂತು ನಿಜವಾದ ಮಾತುಕತೆ ಆಡಬೇಕಾದ ಸಮಯ ಅದು. ಎರಡನೇ ವರ್ಷದ ಮೊದಲ ದಿನ ದಾಟಿದ ಮೇಲೆ ಮಾತು ಬೇರೆ. ಏರ್ ಫೋರ್ಸ್‌ನಲ್ಲಿ ಸ್ಕಾಲರ್‌ಶಿಪ್ ಇಲ್ಲದವರು ಕಾಂಟ್ರ್ಯಾಕ್ಟ್‌ಗೆ ಮೊದಲು, ಎರಡನೇ ವರ್ಷದ ಆಮೇಲಿನ ಬೇಸಿಗೆಯಲ್ಲಿ ಫೀಲ್ಡ್ ಟ್ರೈನಿಂಗ್ ಮುಗಿಸಬೇಕು. ಅದಕ್ಕೆ ಆಯ್ಕೆ ಆಗುವುದೇ ಒಂದು ಪೈಪೋಟಿ, ಕೇಳಿದವರಿಗೆಲ್ಲ ಸಿಗುವುದಿಲ್ಲ.

ಇನ್ನೊಂದು ಬಗೆ ಇದೆ: ಮೂರು ವರ್ಷದ ಸ್ಕಾಲರ್‌ಶಿಪ್. ಪತ್ರ ಹೈಸ್ಕೂಲಿನಲ್ಲೇ ಬರುತ್ತದೆ, ಹಣ ಎರಡನೇ ವರ್ಷದಿಂದ. ಮೊದಲ ವರ್ಷದ ಫೀಸು ಪೂರ್ತಿ ನಿಮ್ಮದೇ. ಪತ್ರ ಬಂದ ಸಂತೋಷದಲ್ಲಿ ಈ ಸಾಲು ಕಣ್ತಪ್ಪಿ ಹೋಗುವುದು ಜಾಸ್ತಿ.

ಸ್ಕಾಲರ್‌ಶಿಪ್ ಗೆದ್ದಿದ್ದರೂ ಅಕ್ಟೋಬರ್ ಬಂದರೂ ಕಾಂಟ್ರ್ಯಾಕ್ಟ್ ಆಗಿಲ್ಲ ಅಂದರೆ ಏನೋ ಒಂದು ಬಾಕಿ ಇದೆ ಅಂತ ಅರ್ಥ. ಮೆಡಿಕಲ್ ವೇವರ್, ಅಸಲು ದಾಖಲೆ, ಗ್ರೇಡು, ಇಲ್ಲವೇ ದೈಹಿಕ ಪರೀಕ್ಷೆ. 2025ರ ಜೂನ್‌ನಿಂದ ಆರ್ಮಿಯಲ್ಲಿ ಎಎಫ್‌ಟಿ ಅನ್ನುವ ಹೊಸ ಪರೀಕ್ಷೆ ಇದೆ: ಡೆಡ್‌ಲಿಫ್ಟ್, ಪುಷಪ್, ಓಡಿ-ಎಳೆದು-ಹೊರುವ ಸುತ್ತು, ಪ್ಲ್ಯಾಂಕ್, ಎರಡು ಮೈಲಿ ಓಟ. ಐದರಲ್ಲಿ ಪ್ರತಿಯೊಂದರಲ್ಲೂ ಕನಿಷ್ಠ 60 ಅಂಕ ಬೇಕು. ಓದಿನಲ್ಲಿ ಮುಂದಿರುವ ನಮ್ಮ ಮಕ್ಕಳು ಎಡವುವುದು ಹೆಚ್ಚಾಗಿ ಇಲ್ಲೇ. ಹೈಸ್ಕೂಲಿನ ಕೊನೇ ಬೇಸಿಗೆಯಲ್ಲೇ ಓಟ ಶುರು ಮಾಡಿಸಿ.

ಅಷ್ಟರಲ್ಲಿ ಕಾಲೇಜಿನ ಬಿಲ್ಲು ಬಂದಿರುತ್ತದೆ. ಕಾಂಟ್ರ್ಯಾಕ್ಟ್ ಆಗದೆ ಸೇನೆ ಹಣ ಕೊಡುವುದಿಲ್ಲ. ಮಗು ಎರಡು ಕಡೆ ಇಮೇಲ್ ಬರೆಯಲಿ: ಘಟಕದ ಕಚೇರಿಗೆ "ಯಾವ ಸೆಮಿಸ್ಟರಿನಿಂದ ಹಣ ಲೆಕ್ಕಕ್ಕೆ ಬರುತ್ತದೆ?" ಅಂತ, ಕಾಲೇಜಿನ ಫೀಸು ಕಚೇರಿಗೆ "ದಂಡವಿಲ್ಲದೆ ಗಡುವು ಮುಂದೆ ಹಾಕ್ತೀರಾ?" ಅಂತ.

ಹಂತ 7: ಸಹಿಗೆ ಮೊದಲು ಓದಬೇಕಾದದ್ದು

ಮಗುವಿಗೆ 18 ತುಂಬಿಲ್ಲದಿದ್ದರೆ ನಿಮ್ಮ ಸಹಿಯೂ ಬೇಕು. ತುಂಬಿದ್ದರೆ ಬೇಡ, ಆದರೂ ಜೊತೆಯಲ್ಲಿ ಕೂತು ಓದಿ.

ಒಟ್ಟು ಋಣ ಎಂಟು ವರ್ಷ. ಆರ್ಮಿ ಸ್ಕಾಲರ್‌ಶಿಪ್ ಪಡೆದವರು ಪೂರ್ಣಾವಧಿ ಸೇನೆಗೆ ಹೋದರೆ ಸಾಮಾನ್ಯವಾಗಿ ನಾಲ್ಕು ವರ್ಷ ಕೆಲಸ, ಸ್ಕಾಲರ್‌ಶಿಪ್ ಇಲ್ಲದವರು ಮೂರು ವರ್ಷ, ಉಳಿದದ್ದು ಮೀಸಲು ಪಟ್ಟಿಯಲ್ಲಿ. ನೇವಿ ಸ್ಕಾಲರ್‌ಶಿಪ್‌ಗೆ ಐದು ವರ್ಷ. ಏರ್ ಫೋರ್ಸ್ ಪೈಲಟ್ ಆದರೆ ತರಬೇತಿ ಮುಗಿದ ದಿನದಿಂದ ಹತ್ತು ವರ್ಷ. "ವಿಮಾನ ಹಾರಿಸ್ತೀನಿ" ಅನ್ನುವ ಮಗುವಿಗೆ ಈ ಹತ್ತನ್ನು ಅದರ ವಯಸ್ಸಿಗೆ ಕೂಡಿಸಿ ತೋರಿಸಿ. ಪೂರ್ಣಾವಧಿ ಸೇನೆಯಾ, ನ್ಯಾಷನಲ್ ಗಾರ್ಡಾ, ರಿಸರ್ವಾ ಅನ್ನುವುದು ಆರ್ಮಿಯಲ್ಲಿ ಹೆಚ್ಚಿನವರಿಗೆ ಕೊನೇ ವರ್ಷದಲ್ಲಿ ತೀರ್ಮಾನ ಆಗುತ್ತದೆ. ಮಗುವಿನ ಆಸೆ ಕೇಳುತ್ತಾರೆ, ಕೊನೆಯ ಮಾತು ಸೇನೆಯದ್ದು.

ಮಧ್ಯದಲ್ಲಿ ಬಿಟ್ಟರೆ? ಪಡೆದ ಸ್ಕಾಲರ್‌ಶಿಪ್ ಹಣ ವಾಪಸ್ ಕಟ್ಟಬೇಕಾಗಬಹುದು, ಇಲ್ಲವೇ ಆಫೀಸರ್ ಅಲ್ಲದ ಸಾಮಾನ್ಯ ಸೈನಿಕನಾಗಿ ಕರೆಯಬಹುದು. ಯಾವುದು ಅಂತ ಆರಿಸುವ ಹಕ್ಕು ಮಗುವಿಗಿಲ್ಲ. ಬೇಕೆಂದೇ ಬಿಡುವುದು ಮಾತ್ರ ಅಲ್ಲ, ಗ್ರೇಡು ಬಿದ್ದರೂ, ಡ್ರಗ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೂ ಇದೇ ಪ್ರಕ್ರಿಯೆ ಶುರುವಾಗಬಹುದು. ಕ್ಯಾಲಿಫೋರ್ನಿಯಾದಲ್ಲಿ ಗಾಂಜಾ ಕಾನೂನುಬದ್ಧ ಇರಬಹುದು, ಕೆಡೆಟ್‌ಗೆ ಅಲ್ಲ. ಪಾರ್ಟಿಯಲ್ಲಿ ಯಾರೋ ಕೊಟ್ಟ ಒಂದು ಗಮ್ಮಿ ಸಾಕು. ಇದನ್ನು ನಾಚಿಕೆ ಬಿಟ್ಟು ಮಾತಾಡಿ.

ಹಂತ 8: ಹಣದ ಲೆಕ್ಕ

ಆರ್ಮಿ ಸ್ಕಾಲರ್‌ಶಿಪ್‌ನಲ್ಲಿ ಫೀಸು ಅಥವಾ ಊಟ-ವಸತಿ, ಎರಡರಲ್ಲಿ ಒಂದು. ಪುಸ್ತಕಕ್ಕೆ ವರ್ಷಕ್ಕೆ 1,200 ಡಾಲರ್. ಕಾಂಟ್ರ್ಯಾಕ್ಟ್ ಆದ ಎಲ್ಲರಿಗೂ, ಸ್ಕಾಲರ್‌ಶಿಪ್ ಇಲ್ಲದವರಿಗೂ, ಓದಿನ ತಿಂಗಳುಗಳಲ್ಲಿ ತಿಂಗಳಿಗೆ 420 ಡಾಲರ್ ಭತ್ಯೆ. ಈ ಭತ್ಯೆಗೆ ತೆರಿಗೆ ಇಲ್ಲ, ಬೇಸಿಗೆ ಕ್ಯಾಂಪಿನ ಸಂಬಳಕ್ಕೆ ಇದೆ. ಮಗುವನ್ನು ನಿಮ್ಮ ಆರೋಗ್ಯ ವಿಮೆಯಿಂದ ತೆಗೆಯಬೇಡಿ. ಕೆಡೆಟ್ ಆದ ಮಾತ್ರಕ್ಕೆ ಸೇನೆಯ ಕುಟುಂಬ ವಿಮೆ ಸಿಗುವುದಿಲ್ಲ.

ಹಂತ 9: ಸೆಕ್ಯುರಿಟಿ ಕ್ಲಿಯರೆನ್ಸ್, ನಮ್ಮಂಥವರ ಮನೆಪಾಠ

ಆಫೀಸರ್ ಆಗಲು ಹಿನ್ನೆಲೆ ತಪಾಸಣೆ ಆಗಬೇಕು. ಎಸ್‌ಎಫ್-86 ಅನ್ನುವ ಉದ್ದದ ಫಾರ್ಮು. ಅಪ್ಪ-ಅಮ್ಮ ಎಲ್ಲಿ ಹುಟ್ಟಿದರು, ಯಾವ ದೇಶದ ಪ್ರಜೆ, ಪೌರತ್ವ ಪ್ರಮಾಣಪತ್ರದ ನಂಬರು ಏನು, ಎಲ್ಲ ಬೇಕು. ಕಳೆದ ಏಳು ವರ್ಷದ ವಿದೇಶ ಪ್ರಯಾಣ, ಅಂದರೆ ಊರಿಗೆ ಹೋದ ಪ್ರತಿ ರಜೆ. ಹತ್ತಿರದ ಒಡನಾಟ ಇರುವ ವಿದೇಶಿ ಪ್ರಜೆಗಳು, ಅಂದರೆ ವಾರವಾರ ವಿಡಿಯೋ ಕಾಲ್ ಮಾಡುವ ಸೋದರಮಾವ, ಅಕ್ಕನಂಥ ಕಸಿನ್. ಹಳೇ ಪಾಸ್‌ಪೋರ್ಟುಗಳನ್ನು ಎಸೆಯಬೇಡಿ, ಠಸ್ಸೆಯ ತಾರೀಖುಗಳು ಅದರಲ್ಲೇ ಇವೆ.

ಇದರಲ್ಲಿ ಒಂದನ್ನು ಮಾತ್ರ ಅಪ್ಪ-ಅಮ್ಮಂದಿರೇ ಹೇಳಬೇಕು. ಮೊಮ್ಮಗನ ಹೆಸರಿನಲ್ಲಿ ತಾತ ಮೈಸೂರಿನಲ್ಲಿ ಒಂದು ಸೈಟು ಮಾಡಿಟ್ಟಿರುತ್ತಾರೆ. ಮೊಮ್ಮಗಳ ಹೆಸರಿನಲ್ಲಿ ಊರಿನ ಬ್ಯಾಂಕಿನಲ್ಲಿ ಎಫ್‌ಡಿ ಇರುತ್ತದೆ. ಮಗುವಿಗೆ ಅದು ಗೊತ್ತೇ ಇರುವುದಿಲ್ಲ, ಫಾರ್ಮಿನಲ್ಲಿ "ವಿದೇಶದಲ್ಲಿ ಆಸ್ತಿ ಇಲ್ಲ" ಅಂತ ಬರೆದುಬಿಡುತ್ತದೆ. ಸೈಟು ಇರುವುದು ತಪ್ಪಲ್ಲ, ಬಿಟ್ಟು ಬರೆದದ್ದು ಪ್ರಶ್ನೆಯಾಗುತ್ತದೆ. ಮಗು ಫಾರ್ಮ್ ತುಂಬುವ ಮೊದಲು ಊರಿಗೆ ಫೋನ್ ಮಾಡಿ ವಿಚಾರಿಸಿ.

ಹಂತ 10: ಬೇಸಿಗೆ ಕ್ಯಾಂಪು, ಕಮಿಷನ್ನು

ಆರ್ಮಿ ಕೆಡೆಟ್‌ಗಳು ಮೂರನೇ ವರ್ಷ ಮುಗಿದ ಮೇಲೆ ಕೆಂಟಕಿಯ ಫೋರ್ಟ್ ನಾಕ್ಸ್‌ನಲ್ಲಿ ಅಡ್ವಾನ್ಸ್ಡ್ ಕ್ಯಾಂಪ್ ಮಾಡಬೇಕು, ಒಂದು ತಿಂಗಳಿಗೂ ಸ್ವಲ್ಪ ಜಾಸ್ತಿ. ಆ ಬೇಸಿಗೆ ಇಂಟರ್ನ್‌ಶಿಪ್, ಊರಿನ ಮದುವೆ ಎರಡಕ್ಕೂ ಟಿಕೆಟ್ ಬುಕ್ ಮಾಡುವ ಮೊದಲು ಕ್ಯಾಂಪಿನ ತಾರೀಖು ಬರಲಿ. ಸಸ್ಯಾಹಾರಿ ಮಕ್ಕಳು ಕಷ್ಟಪಡುತ್ತಾರೆ ಅನ್ನುವುದನ್ನು ಮುಚ್ಚಿಡುವುದಿಲ್ಲ. ಕಾಡಿನಲ್ಲಿ ತಿನ್ನುವ ಎಂಆರ್‌ಇ ಪ್ಯಾಕೆಟ್‌ಗಳ 24 ಮೆನುಗಳಲ್ಲಿ ಸಸ್ಯಾಹಾರಿ ಕೆಲವೇ ಇವೆ, ಎಲ್ಲರಿಗಿಂತ ಮೊದಲು ಕೇಳಿದವರಿಗೆ ಸಿಗುತ್ತದೆ. ಚಟ್ನಿಪುಡಿ ಪಾರ್ಸೆಲ್ ಮಾಡುವ ಮೊದಲು ಹೊರಗಿನ ತಿಂಡಿ ಬಿಡ್ತಾರಾ ಅಂತ ಕೇಳಿಕೊಳ್ಳಿ.

ಈ ನಾಲ್ಕು ವರ್ಷದಲ್ಲಿ ಘಟಕದ ಕಚೇರಿಗೆ ನೀವೇ ಫೋನ್ ಮಾಡಬೇಕು ಅನ್ನಿಸುವ ದಿನಗಳು ಬರುತ್ತವೆ. ಮಾಡಬೇಡಿ. ಕಾಲೇಜು ವಿದ್ಯಾರ್ಥಿಯ ದಾಖಲೆ ಕಾನೂನಿನ ಪ್ರಕಾರ ವಿದ್ಯಾರ್ಥಿಯದ್ದು, ಅಪ್ಪ-ಅಮ್ಮನಿಗೆ ಹೇಳುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ನಾಳೆ ಮೂವತ್ತು-ನಲವತ್ತು ಜನರನ್ನು ನಡೆಸಬೇಕಾದವನ ಪರವಾಗಿ ಅಮ್ಮ ಫೋನ್ ಮಾಡಿದರು ಅನ್ನುವುದು ಅಲ್ಲಿ ಚೆನ್ನಾಗಿ ಕಾಣುವುದಿಲ್ಲ. ಪ್ರಶ್ನೆಗಳನ್ನು ಬರೆದು ಮಗುವಿನ ಕೈಗೆ ಕೊಡಿ, ಅವರೇ ಕೇಳಲಿ.

ಕಮಿಷನ್ ಸಮಾರಂಭಕ್ಕೆ, ಅಂದರೆ ಮಗು ಅಧಿಕೃತವಾಗಿ ಆಫೀಸರ್ ಆಗುವ ದಿನಕ್ಕೆ, ಊರಿನಿಂದ ಅಜ್ಜ-ಅಜ್ಜಿ ಬರಬೇಕಾದರೆ ವಿಸಿಟರ್ ವೀಸಾಗೆ ಒಂದು ವರ್ಷ ಮುಂಚೆಯೇ ಅರ್ಜಿ ಹಾಕಿ. ಹೆಗಲಿಗೆ ಚಿನ್ನದ ಬಣ್ಣದ ಪಟ್ಟಿ ಸಿಕ್ಕಿಸುವುದು ಸಾಮಾನ್ಯವಾಗಿ ಮನೆಯವರೇ, ಯಾರು ಯಾವ ಹೆಗಲು ಅಂತ ಮೊದಲೇ ಮಾತಾಡಿಕೊಳ್ಳಿ. ಆವತ್ತಿನಿಂದ ಎಂಟು ವರ್ಷದ ಲೆಕ್ಕ ಶುರು. ಯೂನಿಫಾರ್ಮ್ ಖರ್ಚೂ ಆವತ್ತಿನಿಂದ ಅವರದ್ದೇ. ಹೊಸ ಆಫೀಸರ್‌ಗೆ ಒಂದು ಸಲದ 400 ಡಾಲರ್ ಯೂನಿಫಾರ್ಮ್ ಭತ್ಯೆ ಇದೆ, ಡ್ರೆಸ್ ಯೂನಿಫಾರ್ಮ್ ಪೂರ್ತಿ ಹೊಲಿಸಲು ಅದು ಸಾಲದು. ಗ್ರ್ಯಾಜುಯೇಷನ್ ಉಡುಗೊರೆಯನ್ನು ಆ ಬಿಲ್ಲಿಗೇ ಇಟ್ಟುಕೊಳ್ಳಿ.